ಗ್ಯಾರೇಜಿನಿಂದ ಅಂಗಳಕ್ಕಿಳಿದ ಬ್ರೇಕು

ಮನೆಯಂಗಳದಲ್ಲೇ ಕಾರಿನ ಬ್ರೇಕ್ ಪ್ಯಾಡ್ ಬದಲಿಸುವುದು ಈಚಿನ ಉತ್ಸಾಹಿಗಳ ಜಾಣತನವೆಂದು ತೋರಬಹುದು. ಇತಿಹಾಸ ನೋಡಿದರೆ, ಅದಕ್ಕೆ ದಾರಿ ಮಾಡಿಕೊಟ್ಟದ್ದು ಯಂತ್ರದ ವಿನ್ಯಾಸ. ಕೆನರಾ ಪಬ್ಲಿಕ್ ಕನ್ವೆಯನ್ಸ್ ಕಂಪನಿ 1914ರಲ್ಲಿ ಮಂಗಳೂರು–ಬಂಟ್ವಾಳ ನಡುವೆ ಬಸ್ಸು ಓಡಿಸತೊಡಗಿತು. ಆ ಸೀಮೆಯ, ಕೇರಳದ ಗಡಿಗೆ ಹತ್ತಿರದ ಕನ್ಯಾನದಂಥ ಊರುಗಳಲ್ಲಿ ಇಳಿಜಾರೂ ಮಳೆಯ ಕೆಸರೂ ಬ್ರೇಕನ್ನು ಬೇಗ ಸವೆಸುತ್ತವೆ. ಆದರೂ ಜೀಪು, ಹಳೆಯ ಅಂಬಾಸಿಡರ್‌ಗಳ ಕಾಲದಲ್ಲಿ ಆ ಕೆಲಸ ಮೆಕ್ಯಾನಿಕ್‌ನದೇ ಆಗಿತ್ತು. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಡ್ರಮ್ ಕಳಚಿ, ಬಿಗಿ ಸ್ಪ್ರಿಂಗ್ ಬಿಡಿಸಿ, ಶೂಗೆ ಹೊಸ ಲೈನರ್ ಇಟ್ಟು ರಿವೆಟ್ ಹೊಡೆದು, ಮತ್ತೆ ಅಂತರ ಹೊಂದಿಸಬೇಕಿತ್ತು.

ಡಿಸ್ಕ್ ಬ್ರೇಕು ಈ ಲೆಕ್ಕ ಬದಲಿಸಿತು. ಇಂಗ್ಲೆಂಡಿನ ಎಂಜಿನಿಯರ್ ಲ್ಯಾಂಚೆಸ್ಟರ್ 1902ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದ. 1953ರ ಲ ಮಾನ್ಸ್ ರೇಸನ್ನು ಡಿಸ್ಕ್ ಬ್ರೇಕಿನ ಜಾಗ್ವಾರ್ ಕಾರು ಗೆದ್ದ ಮೇಲೆ ಅದರ ಹೆಸರು ಹರಡಿತು. ಚಕ್ರ ಬಿಚ್ಚಿ, ಕ್ಯಾಲಿಪರಿನ ಬೋಲ್ಟ್ ತೆಗೆದು, ಪಿಸ್ಟನ್ ಹಿಂದಕ್ಕೊತ್ತಿ ಹೊಸ ಪ್ಯಾಡ್ ಕೂರಿಸುವಷ್ಟಕ್ಕೆ ಕೆಲಸ ಇಳಿಯಿತು. ಆದರೆ ಅನೇಕ ಸಣ್ಣ ಕಾರುಗಳ ಹಿಂಚಕ್ರದಲ್ಲಿ ಇಂದಿಗೂ ಡ್ರಮ್ಮೇ ಇರುವುದರಿಂದ ಈ ಸ್ವಾತಂತ್ರ್ಯ ಮುಂಚಕ್ರಕ್ಕಷ್ಟೇ ಸೀಮಿತ. ಪ್ರಾಣದ ಪ್ರಶ್ನೆ, ಮೆಕ್ಯಾನಿಕ್‌ಗೇ ಬಿಡಿ ಎಂಬ ಆಕ್ಷೇಪದಲ್ಲಿ ಹುರುಳಿದೆ: ಬರೀ ಜಾಕಿನ ಮೇಲೆ ಕಾರು ನಿಲ್ಲಿಸುವುದು, ಪೆಡಲ್ ಒತ್ತಿ ಬಿಗಿ ಬರಿಸದೆ ಹೊರಡುವುದು, ಎರಡೂ ಅಪಾಯವೇ. ಆದರೆ ಗ್ಯಾರೇಜು ಎಂಬ ಮಾತ್ರಕ್ಕೆ ಕ್ಷೇಮವೂ ಇರಲಿಲ್ಲ. ಹಳೆಯ ಲೈನರುಗಳ ಕಲ್ನಾರಿನ ಧೂಳು ಕೆಲಸಗಾರರ ಶ್ವಾಸಕೋಶಕ್ಕೇ ಇಳಿಯುತ್ತಿತ್ತು. ಸುರಕ್ಷತೆ ಹುಟ್ಟುವುದು ಕ್ರಮ ತಪ್ಪದ ಕೆಲಸದಿಂದ. ಅದು ಅಂಗಳದಲ್ಲಾದರೂ ಸರಿ, ಗ್ಯಾರೇಜಿನಲ್ಲಾದರೂ ಸರಿ.