ಮೇಣದಿಂದ ರೆಸಿನ್‌ವರೆಗೆ: ಎರಕದ ಹಾದಿ

ನಮ್ಮ ಇನ್ನಂಜೆ, ಕಾಪು ಕಡೆಯವರಿಗೆ ಹಲ್ಲಿಗೆ ಕ್ಯಾಪ್ ಹಾಕಿಸಬೇಕೆಂದರೆ ಉಡುಪಿ ಅಥವಾ ಮಣಿಪಾಲ. ಆ ಲೋಹದ ಕ್ಯಾಪ್ ಹೇಗೆ ತಯಾರಾಗುತ್ತದೆಂದು ವಿಚಾರಿಸುವವರು ಕಡಿಮೆ. ಹಲ್ಲಿನ ಅಳತೆಗೆ ಮೇಣದ ಮಾದರಿ ಮಾಡಿ, ಸುತ್ತಲೂ ಬೆಂಕಿಗೆ ಜಗ್ಗದ ಗಾರೆ ತುಂಬಿ ಕುಲುಮೆಯಲ್ಲಿ ಕಾಯಿಸುತ್ತಾರೆ. ಮೇಣ ಕರಗಿ ಉರಿದುಹೋದಾಗ ಉಳಿಯುವ ಟೊಳ್ಳಿಗೆ ಲೋಹ ಹೊಯ್ಯುತ್ತಾರೆ. ದಂತವೈದ್ಯಕ್ಕೆ ಈ ವಿಧಾನವನ್ನು 1907ರಲ್ಲಿ ಪ್ರಚಾರಕ್ಕೆ ತಂದವರು ಶಿಕಾಗೋದ ವಿಲಿಯಂ ಟ್ಯಾಗರ್ಟ್.

ಹಾಗೆಂದು ಇದನ್ನು ಪಾಶ್ಚಾತ್ಯರ ಆವಿಷ್ಕಾರ ಎನ್ನುವಂತಿಲ್ಲ. ಮಂಗಳೂರಿನ ಕದ್ರಿಯಲ್ಲಿ ಮೂರು ಮುಖ, ಆರು ಕೈಗಳ ಲೋಕೇಶ್ವರನ ಕಂಚಿನ ವಿಗ್ರಹವಿದೆ. ಪೀಠದ ಶಾಸನ ಕ್ರಿ.ಶ. 968ರದ್ದು, ಅದರಲ್ಲಿ ಆಳುಪ ಅರಸ ಕುಂದವರ್ಮನ ಹೆಸರಿದೆ. ದಕ್ಷಿಣ ಭಾರತದ ಕಂಚಿನ ವಿಗ್ರಹಗಳ ಪರಂಪರೆ ಮೇಣದ ಎರಕದ್ದೇ. 1130ರ ಸುಮಾರಿಗೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 'ಮಾನಸೋಲ್ಲಾಸ'ದಲ್ಲಿ ಇದರ ಕ್ರಮವನ್ನೇ ಬರೆದಿಟ್ಟ. ಮೊದಲು ಮೇಣದ ಮಾದರಿಯನ್ನು ತೂಗಬೇಕು. ಬೆಳ್ಳಿಯಾದರೆ ಅದರ ಹನ್ನೆರಡು ಪಟ್ಟು, ಚಿನ್ನವಾದರೆ ಹದಿನಾರು ಪಟ್ಟು ಲೋಹ ಬೇಕು. ಅರಸನೊಬ್ಬ ಕುಲುಮೆಯ ಲೆಕ್ಕವನ್ನು ಇಷ್ಟು ಗಮನಿಸಿದ್ದು ಮೆಚ್ಚತಕ್ಕ ವಿಷಯ.

ಇದೇ ವಿದ್ಯೆ ಮೊಗಲರ ಕಾಲದ ಮುಸ್ಲಿಮ್ ಕುಶಲಕರ್ಮಿಗಳ ಕೈಯಲ್ಲಿ ಬೇರೊಂದು ಎತ್ತರಕ್ಕೇರಿತು. ಬೇರೆಡೆ ಲೋಹದ ಖಗೋಲಗಳನ್ನು ಎರಡು ಅರ್ಧಗೋಳಗಳಾಗಿ ಮಾಡಿ ಬೆಸೆಯುತ್ತಿದ್ದರು. ಹಿಜರಿ 998ರಲ್ಲಿ, ಅಂದರೆ 1589-90ರಲ್ಲಿ, ಅಲಿ ಕಾಶ್ಮೀರಿ ಇಬ್ನ್ ಲುಖ್ಮಾನ್ ಬೆಸುಗೆಯೇ ಇಲ್ಲದ ಟೊಳ್ಳು ಗೋಳವನ್ನು ಮೇಣದ ವಿಧಾನದಿಂದ ಒಂದೇ ಎರಕದಲ್ಲಿ ತೆಗೆದರು. ಮುಂದೆ ಲಾಹೋರಿನ ಕುಟುಂಬವೊಂದು ತಲೆಮಾರುಗಳ ಕಾಲ ಇದನ್ನು ಮುಂದುವರಿಸಿತು. ಎಮಿಲಿ ಸ್ಯಾವೇಜ್-ಸ್ಮಿತ್ 1985ರಲ್ಲಿ ಈ ಗೋಳಗಳ ಕುರಿತ ಗ್ರಂಥ ಪ್ರಕಟಿಸಿದ ಬಳಿಕವೇ ಹೊರಜಗತ್ತು ಇದನ್ನು ಸರಿಯಾಗಿ ಗುರುತಿಸಿತು. ಒಂದು ವ್ಯತ್ಯಾಸ ನಮ್ಮನ್ನು ಕಾಡುತ್ತದೆ. ಗೋಳಗಳ ಮೇಲೆ ಮಾಡಿದವರ ಹೆಸರು ಕೊರೆದಿದೆ. ಕದ್ರಿಯ ವಿಗ್ರಹ ಹೊಯ್ದವನ ಹೆಸರು ನಮಗೆ ದಕ್ಕಿಲ್ಲ.

ಈಗ ಹಲವು ಲ್ಯಾಬ್‌ಗಳಲ್ಲಿ ಮೇಣದ ಜಾಗಕ್ಕೆ ರೆಸಿನ್ ಬಂದಿದೆ. ಕಂಪ್ಯೂಟರಿನಲ್ಲಿ ಬರೆದ ಆಕಾರವನ್ನು ಬೆಳಕು ಹಾಯಿಸಿ ಪದರ ಪದರವಾಗಿ ಗಟ್ಟಿಗೊಳಿಸುವ ಈ ಮುದ್ರಣಕ್ಕೆ ಅಮೆರಿಕದ ಚಕ್ ಹಲ್ 1986ರಲ್ಲಿ ಪೇಟೆಂಟ್ ಪಡೆದರು. (ವಿಗ್ರಹ ಮಾಡುವವರು ಮೇಣಕ್ಕೆ ಮರದ ರಾಳ ಬೆರೆಸುವುದು ಹಳೆಯ ರೂಢಿ, ರೆಸಿನ್ ಎಂದರೂ ಮೂಲದಲ್ಲಿ ರಾಳವೇ.) ಆದರೆ ಸ್ವಭಾವ ಬೇರೆ. ಮೇಣ ಬಿಸಿಗೆ ಕರಗಿ ಹರಿಯುತ್ತದೆ. ಈ ರೆಸಿನ್ ಕರಗುವುದಿಲ್ಲ. ಮೊದಲು ಹಿಗ್ಗುತ್ತದೆ, ಬಳಿಕ ಉರಿಯುತ್ತದೆ. ಹಿಗ್ಗಿದಾಗ ಅಚ್ಚು ಬಿರುಕು ಬಿಡುತ್ತದೆ. ಅದಕ್ಕಾಗಿ ದೊಡ್ಡ ಯಂತ್ರಭಾಗಗಳ ಮಾದರಿಯನ್ನು ಒಳಗೆ ಜೇನುಗೂಡಿನಂತೆ ಟೊಳ್ಳಾಗಿ ಮುದ್ರಿಸುತ್ತಾರೆ. ಕಾದಾಗ ಅದು ಒಳಕ್ಕೆ ಕುಸಿಯುತ್ತದೆ. ಪೂರ್ತಿ ಉರಿಯದೆ ಬೂದಿ ಉಳಿದರೆ ಲೋಹದ ಮೈಯಲ್ಲಿ ಗುಳಿ ಬೀಳುತ್ತದೆ. ಎಷ್ಟು ಹೊತ್ತು ಕಾಯಿಸಬೇಕು, ಗಾಳಿ ಎಷ್ಟು ಬಿಡಬೇಕು ಎಂಬುದನ್ನು ಕುಲುಮೆಯ ಬಳಿ ನಿಂತವರೇ ಕಲಿಯಬೇಕು. ಕ್ಯಾಪ್ ಹಾಕಿಸಿಕೊಂಡು ಊರಿಗೆ ಮರಳುವ ನಮ್ಮ ಕೈಯ ಬಿಲ್ಲಿನಲ್ಲಿ ವೈದ್ಯರ ಹೆಸರಿರುತ್ತದೆ, ಎರಕ ಹೊಯ್ದವರದ್ದಲ್ಲ.