ಗುಂಡು ಹಾರಿದ್ದು ಒಂದ್ಕಡೆ, ಹೆಸರು ಕೆಟ್ಟಿದ್ದು ಜಿಲ್ಲೆಗೆಲ್ಲ

ತಿಕೋಟಾದ ಹುಡುಗನೊಬ್ಬ ಬೆಂಗಳೂರಿಗೆ ಕೆಲಸಕ್ಕೆ ಹೋದ. ಮನೆಯಲ್ಲಿ ಎರಡು ಎಕರೆ ದ್ರಾಕ್ಷಿ ಪಡ, ಅದರ ಮೇಲೆ ಸಾಲ. ಬಾಡಿಗೆ ರೂಮು ಕೇಳಲು ಹೋದಲ್ಲಿ ಮಾಲೀಕರು, "ಯಾವೂರಪ್ಪಾ ನಿಂದು?" ಅಂದರು. "ವಿಜಯಪುರ ಜಿಲ್ಲೆ ಸರ್, ತಿಕೋಟಾ." "ಓ, ಭೀಮಾ ತೀರದವನಾ? ಗನ್ನು ಗಿನ್ನು ಇಟ್ಕೊಂಡಿಲ್ಲ ತಾನೇ?" ನಗುತ್ತಲೇ ಕೇಳಿದರಂತೆ. ಇವನೂ ನಕ್ಕ. ಮರುದಿನ ಮುಂಗಡ ಕೊಡಲು ಹೋದರೆ, "ಬೇರೆಯವರಿಗೆ ಕೊಟ್ಟಾಯ್ತು" ಎಂಬ ಉತ್ತರ ಬಂತು. ವಾರದ ಮೇಲೂ ಆ ಮನೆ ಮುಂದೆ ಬಾಡಿಗೆ ಬೋರ್ಡು ಹಾಗೇ ತೂಗುತ್ತಿತ್ತು.

ಹಬ್ಬಕ್ಕೆ ಊರಿಗೆ ಬಂದಾಗ ಚಹಾದಂಗಡಿಯಲ್ಲಿ ನಮ್ಮನ್ನು ಕೇಳಿದ: "ಅಣ್ಣಾರ, ತಿಕೋಟಾದಾಗ ಭೀಮಾ ಹೊಳಿ ಎಲ್ಲೈತ್ರಿ? ನೀವ ಪೇಪರಿನ್ಯಾಗ ಬರೀತೀರಲ್ಲ, ನೀವ ಹೇಳ್ರಿ."

ನಾವು ಸುಮ್ಮನಾದೆವು. ಯಾಕೆಂದರೆ ಆ ಎರಡು ಪದಗಳನ್ನು ಎಷ್ಟೋ ಸಲ ಹೆಡ್‌ಲೈನಿಗೆ ಕಳಿಸಿದವರು ನಾವೇ. ಈ ಬರಹ ಅವನಿಗೆ ತಡವಾಗಿ ಕೊಡುತ್ತಿರುವ ಉತ್ತರ. ಅದಕ್ಕಾಗಿ ನೂರು ನೂರೈವತ್ತು ವರ್ಷ ಹಿಂದಕ್ಕೆ ಹೋಗಬೇಕು.

ಹೊಳೆ ಯಾವುದು, ಊರು ಯಾವುದು

ಮೊದಲು ಭೂಗೋಳ. ಭೀಮಾ ನದಿ ನಮ್ಮ ಜಿಲ್ಲೆಯ ಉತ್ತರದ ಅಂಚಿನಲ್ಲಿ ಹರಿಯುತ್ತದೆ. ಚಡಚಣ, ಇಂಡಿ, ಆಲಮೇಲ, ಸಿಂದಗಿ ಆ ಕಡೆಯವು. ತಿಕೋಟಾ, ಬಬಲೇಶ್ವರ ಡೋಣಿಯ ಕಡೆಯವು. ಡೋಣಿ ಹೋಗಿ ಸೇರುವುದು ಕೃಷ್ಣೆಯನ್ನು. ಅಂದರೆ ಬಬಲೇಶ್ವರದವನನ್ನು ಭೀಮಾ ತೀರದವನು ಅನ್ನುವುದು ಲೆಕ್ಕಕ್ಕೇ ಸರಿಯಲ್ಲ. ಹಾಗಿದ್ದರೆ ಭೀಮಾ ದಂಡೆಯ ಇಂಡಿ, ಚಡಚಣದವರನ್ನು ಹಾಗೆ ಕಾಣಬಹುದೇ? ಅದೂ ಸಲ್ಲದು. ಅದಕ್ಕೆ ಆಮೇಲೆ ಬರುತ್ತೇವೆ.

ಹುಟ್ಟಿನಿಂದಲೇ ಗುನ್ನೇಗಾರ

ಒಬ್ಬ ಮಾಡಿದ ತಪ್ಪನ್ನು ಇಡೀ ಕುಲದ ತಲೆಗೆ ಕಟ್ಟುವ ಕೆಲಸವನ್ನು ನಮ್ಮ ದೇಶದಲ್ಲಿ ಕಾನೂನೇ ಮಾಡಿತ್ತು. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು. ಮೊದಲು ಅದು ಉತ್ತರ ಭಾರತದಲ್ಲಿತ್ತು. 1911ರ ತಿದ್ದುಪಡಿಯಿಂದ ಮುಂಬಯಿ, ಮದ್ರಾಸ್ ಪ್ರಾಂತಗಳಿಗೂ ಹಬ್ಬಿತು. ನಮ್ಮ ಜಿಲ್ಲೆ ಆಗ ಮುಂಬಯಿ ಪ್ರಾಂತದಲ್ಲಿತ್ತು, ಹೆಸರು ವಿಜಾಪುರ.

ಕಾಯ್ದೆ ನಡೆಯುತ್ತಿದ್ದ ರೀತಿ ಸರಳ, ಆದರೆ ಕ್ರೂರ. ಒಂದು ಸಮುದಾಯವನ್ನು ಸರಕಾರ ಪಟ್ಟಿಗೆ ಸೇರಿಸಿದರೆ ಸಾಕು, ಅದರ ಜನರ ಹೆಸರು ರಿಜಿಸ್ಟರಿಗೆ ಹೋಗುತ್ತಿತ್ತು. ಬೆರಳಚ್ಚು ತೆಗೆದುಕೊಳ್ಳುತ್ತಿದ್ದರು. ನಿಗದಿಯಾದ ಹೊತ್ತಿಗೆ ಹಾಜರಿ ಹಾಕಬೇಕು. ಊರು ಬಿಡಬೇಕಾದರೆ ಪಾಸು ಬೇಕು. ಕಳ್ಳತನ ಮಾಡಿದ್ದಾನೋ ಇಲ್ಲವೋ ಎಂಬ ಪ್ರಶ್ನೆಯೇ ಇರಲಿಲ್ಲ. ಇಂಥವರ ಹೊಟ್ಟೆಯಲ್ಲಿ ಹುಟ್ಟಿದ್ದೇ ಗುನ್ನೆ.

ಇದು ಎಲ್ಲೋ ದೂರದ ಕತೆಯಲ್ಲ. 1908ರಲ್ಲಿ ಎಂ. ಕೆನೆಡಿ ಎಂಬ ಪೊಲೀಸ್ ಅಧಿಕಾರಿ ಮುಂಬಯಿ ಪ್ರಾಂತದ 'ಅಪರಾಧಿ ವರ್ಗ'ಗಳ ಬಗ್ಗೆ ಪೊಲೀಸರಿಗಾಗಿ ಒಂದು ಕೈಪಿಡಿ ಬರೆದ. ಅದರಲ್ಲಿ ಛಪ್ಪರಬಂದರು ಬರುತ್ತಾರೆ. ಛಪ್ಪರ ಕಟ್ಟುವವರು ಎಂಬುದೇ ಆ ಹೆಸರಿನ ಅರ್ಥ. ಮೊಗಲ್ ದಂಡಿನ ಜೊತೆ ಬಂದು, ಸೈನಿಕರಿಗೆ ಗುಡಿಸಲು ಹಾಕಿಕೊಡುತ್ತಿದ್ದ ಜನ ಎಂದು ಅವರ ಹಿನ್ನೆಲೆ ಹೇಳುತ್ತಾರೆ. ದಂಡು ಕರಗಿತು, ಕೆಲಸ ಹೋಯಿತು. ಬ್ರಿಟಿಷರ ಕಡತದಲ್ಲಿ ಅವರು ಕೇವಲ ಖೋಟಾ ನಾಣ್ಯ ಮಾಡುವವರಾಗಿ ಉಳಿದರು.

ಇನ್ನೊಂದು ಸಮುದಾಯ ಗಂಟಿಚೋರರದು. ಇಲ್ಲಿ ಹೆಸರಿನೊಳಗೇ 'ಚೋರ' ಇದೆ. ಕರ್ನಾಟಕದ ಪರಿಶಿಷ್ಟ ಜಾತಿ ಪಟ್ಟಿಯಲ್ಲಿ ಆ ಸಮುದಾಯ ಇರುವುದೂ ಇದೇ ಹೆಸರಿನಲ್ಲಿ. ಸಾಲಿಗೆ ಹೋಗುವ ಮಗು ಸವಲತ್ತು ಬೇಕೆಂದರೆ ಕಳ್ಳ ಎಂದು ಬರೆದ ಪ್ರಮಾಣಪತ್ರ ತೋರಿಸಬೇಕು. ಒಂದು ಗಳಿಗೆ ಆ ಮಗುವಿನ ಜಾಗದಲ್ಲಿ ನಿಂತು ನೋಡಿ.

ಇಂಥವರನ್ನು ಒಂದೆಡೆ ಕೂಡಿಹಾಕಿ ಕೆಲಸಕ್ಕೆ ಹಚ್ಚುವ ಪ್ರಯೋಗ ಈ ಪ್ರಾಂತದಲ್ಲಿ ಮೊದಮೊದಲು ನಡೆದ ಜಾಗಗಳಲ್ಲಿ ನಮ್ಮ ವಿಜಾಪುರವೂ ಒಂದು. ಒ.ಎಚ್.ಬಿ. ಸ್ಟಾರ್ಟೆ ಎಂಬ ಐಸಿಎಸ್ ಅಧಿಕಾರಿ ಇಲ್ಲಿ ಹರಣಶಿಕಾರಿ, ಗಂಟಿಚೋರ, ಛಪ್ಪರಬಂದರ ನಡುವೆ ಈ ಕೆಲಸ ಶುರು ಮಾಡಿದ. ಮುಂದೆ ಇಡೀ ಪ್ರಾಂತದ ಸೆಟ್ಲಮೆಂಟುಗಳ ಅಧಿಕಾರಿಯಾದ. ಸೊಲ್ಲಾಪುರ, ಹುಬ್ಬಳ್ಳಿ, ಗದಗ-ಬೆಟಗೇರಿಗಳಲ್ಲೂ ಸೆಟ್ಲಮೆಂಟು ಆದವು. ಹುಬ್ಬಳ್ಳಿಯಲ್ಲಿ ಇವತ್ತಿಗೂ ಆ ಓಣಿಯ ಹೆಸರು ಸೆಟ್ಲಮೆಂಟ್. ಸ್ಟಾರ್ಟೆಗೆ ಸುಧಾರಣೆಯ ಆಸೆ ಇದ್ದಿರಬಹುದು. ಆದರೆ ಬೇಕಾದಾಗ ಎದ್ದು ಹೋಗುವ ಹಕ್ಕು ಇಲ್ಲದ ಮನೆಯನ್ನು ಮನೆ ಅನ್ನಲಾಗದು.

1952ರ ಆಗಸ್ಟ್ 31ರಂದು ಈ ಕಾಯ್ದೆ ದೇಶದಲ್ಲೆಲ್ಲ ರದ್ದಾಯಿತು. ಆ ದಿನವನ್ನು ಅಲೆಮಾರಿ ಸಮುದಾಯಗಳು ವಿಮುಕ್ತ ದಿನವಾಗಿ ಆಚರಿಸುತ್ತವೆ. ಕಾಗದ ಹರಿಯಿತು. ಆದರೆ ಜನರ ತಲೆಯೊಳಗಿನ ರಿಜಿಸ್ಟರ್ ಹರಿಯಲಿಲ್ಲ. ಅದನ್ನು ಮುಂದೆ ತುಂಬಿದ್ದು ಸಿನಿಮಾ ಮತ್ತು ಟಿವಿ.

ಚಿಪ್ಸ್ ಮಾರಲು ಬಂದ ಡಕಾಯಿತ

ಇಂಥದ್ದು ಇಲ್ಲಿ ಮಾತ್ರ ಆದದ್ದಲ್ಲ. ಅಮೆರಿಕದಲ್ಲಿ ಮೆಕ್ಸಿಕೊ, ಕೊಲಂಬಿಯಾ ಮುಂತಾದ ನಾಡುಗಳ ಮೂಲದವರನ್ನು ಲ್ಯಾಟಿನೊ ಎನ್ನುತ್ತಾರೆ. ಹೊಲದ ಕೆಲಸ, ಕಟ್ಟಡದ ಕೆಲಸ, ಅಡುಗೆಮನೆ ಕೆಲಸದಲ್ಲಿ ದೊಡ್ಡ ಸಂಖ್ಯೆಯಲ್ಲಿ ಇರುವವರು ಅವರು. ಆದರೆ ಪರದೆ ಮೇಲೆ ಲ್ಯಾಟಿನೊ ಗಂಡಸು ಅಂದರೆ ಬಹಳ ಸಲ ಡ್ರಗ್ಸ್ ಮಾರುವವನು, ಗ್ಯಾಂಗಿನವನು.

ಇದೂ ಹಳೆಯ ಚಾಳಿ. ಮೂಕಿ ಸಿನಿಮಾ ಕಾಲದಲ್ಲೇ, ಅಂದರೆ ನಮ್ಮಲ್ಲಿ ಆ ಕಾಯ್ದೆ ಹಬ್ಬಿದ ಅದೇ 1911ರ ಹೊತ್ತಿಗೆ, ಮೆಕ್ಸಿಕನ್ನರನ್ನು ಹೀಯಾಳಿಸುವ 'ಗ್ರೀಸರ್' ಎಂಬ ಪದವನ್ನು ಹೆಸರಿನಲ್ಲೇ ಇಟ್ಟುಕೊಂಡ ಚಿತ್ರಗಳು ಬರುತ್ತಿದ್ದವು. ಬೇಸತ್ತ ಮೆಕ್ಸಿಕೊ ಸರಕಾರ 1922ರಲ್ಲಿ, ತನ್ನ ಜನರನ್ನು ಕೀಳಾಗಿ ತೋರಿಸುವ ಕಂಪನಿಗಳ ಚಿತ್ರಗಳಿಗೆ ನಿಷೇಧ ಹಾಕಿತು.

1967ರಲ್ಲಿ ಫ್ರಿಟೊ-ಲೇ ಕಂಪನಿ ಟಿವಿ ಜಾಹೀರಾತಿಗೆ ಒಂದು ಕಾರ್ಟೂನ್ ತಂದಿತು. ದೊಡ್ಡ ಟೊಪ್ಪಿಗೆ, ಮೀಸೆ, ಸೊಂಟಕ್ಕೆ ಪಿಸ್ತೂಲು. 'ಫ್ರಿಟೊ ಬ್ಯಾಂಡಿಟೊ' ಎಂಬ ಈ ಮೆಕ್ಸಿಕನ್ ಡಕಾಯಿತ ಜನರ ಚಿಪ್ಸ್ ಕದಿಯುತ್ತಿದ್ದ. ಮಕ್ಕಳಿಗೆ ಮಜಾ. ಆದರೆ ಶಾಲೆಯಲ್ಲಿ ಮೆಕ್ಸಿಕನ್ ಮಕ್ಕಳು ಅದೇ ಹೆಸರಿನಲ್ಲಿ ಕರೆಸಿಕೊಂಡರೆ ಅವಕ್ಕೆ ಮಜಾ ಎಲ್ಲಿಂದ? ಮೆಕ್ಸಿಕನ್-ಅಮೆರಿಕನ್ ಸಂಘಟನೆಗಳು ಹೋರಾಡಿದವು. 1971ರ ಹೊತ್ತಿಗೆ ಕಂಪನಿ ಅದನ್ನು ಕೈಬಿಟ್ಟಿತು. ನಮ್ಮೂರ ಕಿರಾಣಿ ಅಂಗಡಿಯಲ್ಲಿ ತೂಗುವ ಲೇಸ್ ಪಾಕೀಟು ಅದೇ ಮನೆತನದ್ದು.

2015ರಲ್ಲಿ ಬಂದ 'ನಾರ್ಕೋಸ್' ಸರಣಿಯಲ್ಲಿ ಕೊಲಂಬಿಯಾದ ಡ್ರಗ್ಸ್ ದೊರೆ ಪಾಬ್ಲೊ ಎಸ್ಕೊಬಾರ್‌ನ ಪಾತ್ರ ಮಾಡಿದ್ದು ಬ್ರೆಜಿಲ್‌ನ ನಟ ವ್ಯಾಗ್ನರ್ ಮೌರಾ. ಅವನ ಸ್ಪ್ಯಾನಿಷ್ ಧಾಟಿ ನಮ್ಮದಲ್ಲ ಎಂದು ಕೊಲಂಬಿಯಾದ ಜನ ಆಡಿಕೊಂಡರು. ಇದನ್ನು ಓದಿದಾಗ ನಮಗೆ ನಗು ಬಂತು. ಬೆಂಗಳೂರಿನ ನಟ "ಏನ್ಲೇ ಮಗನ" ಅಂದು ಕಣ್ಣು ಕೆಂಪು ಮಾಡಿದರೆ ಮುಗೀತು, ಅವನು ವಿಜಯಪುರದ ರೌಡಿ. ಧಾರಾವಾಹಿಗಳಲ್ಲಿ ನಾಯಕ ನಾಯಕಿಯರು ಮೈಸೂರು ಕಡೆಯ ಮಾತಾಡುತ್ತಾರೆ. ನಮ್ಮ ಮಾತು ಬರುವುದು ಹೆಚ್ಚಾಗಿ ಜೋಕಿಗೆ, ಇಲ್ಲವೇ ಮಚ್ಚು ಹಿಡಿದವನ ಬಾಯಿಗೆ. ಅದೇ ಮಾತು 1997ರ 'ನಾಗಮಂಡಲ' ಚಿತ್ರದಲ್ಲಿ ಪ್ರೀತಿ, ನೋವು ಎಲ್ಲವನ್ನೂ ಹೇಳಿತ್ತು ಎಂಬುದು ನೆನಪಿರಲಿ.

ಒಂದು ಪುಸ್ತಕ, ಒಂದು ಸಿನಿಮಾ, ಸಾವಿರ ಬ್ರೇಕಿಂಗ್ ನ್ಯೂಸ್

ಭೀಮಾ ದಂಡೆಯಲ್ಲಿ ರಕ್ತ ಹರಿದಿಲ್ಲ ಎಂದು ನಾವು ಹೇಳುವುದಿಲ್ಲ. ಮನೆತನಗಳ ಹಗೆತನ, ಕಂಟ್ರಿ ಪಿಸ್ತೂಲು, ಕೊಲೆಗೆ ಕೊಲೆ, ಎಲ್ಲ ನಡೆದಿದೆ. ಗಂಡನನ್ನು ಕಳೆದುಕೊಂಡ ಹೆಣ್ಣುಮಕ್ಕಳ ಮನೆಗೆ ಸುದ್ದಿಗಾಗಿ ಹೋಗಿ ಕೂತವರು ನಾವು. ಅದನ್ನು ಬರೆಯಲೇಬೇಕು.

ಆದರೆ ಅದಕ್ಕೆ ಹೆಸರಿಟ್ಟ ರೀತಿ ನೋಡಿ. ರವಿ ಬೆಳಗೆರೆ 'ಭೀಮಾ ತೀರದ ಹಂತಕರು' ಬರೆದರು. ಪುಸ್ತಕ ಭಾರಿ ಓಡಿತು. 2012ರಲ್ಲಿ ಓಂ ಪ್ರಕಾಶ್ ರಾವ್ ನಿರ್ದೇಶನದಲ್ಲಿ ದುನಿಯಾ ವಿಜಯ್ ಅಭಿನಯದ 'ಭೀಮಾ ತೀರದಲ್ಲಿ' ಬಂತು. ಚಂದಪ್ಪ ಹರಿಜನ ಎಂಬ ಒಬ್ಬನ ಬದುಕನ್ನು ಹಿಡಿದು ಮಾಡಿದ ಚಿತ್ರ. ಪೋಸ್ಟರ್ ಮೇಲೆ ಇದ್ದದ್ದು ಮಾತ್ರ ಒಂದು ನದಿಯ ಹೆಸರು.

ಆಮೇಲೆ ಟಿವಿ ಚಾನೆಲ್‌ಗಳು ಅದನ್ನು ಹಿಡಿದುಕೊಂಡವು. ಜಿಲ್ಲೆಯ ಯಾವ ಮೂಲೆಯಲ್ಲಿ ಜಗಳವಾದರೂ "ಭೀಮಾ ತೀರದಲ್ಲಿ ಮತ್ತೆ ಗುಂಡಿನ ಸದ್ದು", ಹಿಂದೆ ಢಂ ಢಂ ಸಂಗೀತ. ಬದುವಿನ ಜಗಳಕ್ಕೆ, ನೀರಿನ ಜಗಳಕ್ಕೆ, ಗಂಡ ಹೆಂಡಿರ ಜಗಳಕ್ಕೂ ಅದೇ ಹಣೆಪಟ್ಟಿ. ಬೆಂಗಳೂರಿನಲ್ಲಿ ಕೊಲೆಯಾದರೆ "ಕಾವೇರಿ ನೀರು ಕುಡಿದವರ ಕೃತ್ಯ" ಎಂದು ಯಾರಾದರೂ ಬರೆಯುತ್ತಾರೆಯೇ? ಅಲ್ಲಿ ಕೊಂದವನಿಗೆ ಅವನದೇ ಹೆಸರಿರುತ್ತದೆ. ಇಲ್ಲಿ ಕೊಂದವನ ಹೆಸರು ಹೊಳೆಗೆ ಹೋಗುತ್ತದೆ.

ನಮ್ಮ ಪಾಲೂ ಇದೆ. ಸ್ಟ್ರಿಂಗರ್‌ಗಳಿಗೆ ಸಂಬಳವಿಲ್ಲ, ಸುದ್ದಿಗಿಷ್ಟು ಎಂದು ದುಡ್ಡು. "ಬಬಲೇಶ್ವರದಲ್ಲಿ ಹೊಲದ ಜಗಳ, ಒಬ್ಬನಿಗೆ ಗಾಯ" ಎಂದು ಕಳಿಸಿದರೆ ಮೂಲೆಗೆ ಬೀಳುತ್ತದೆ. ಮುಂದೆ 'ಭೀಮಾ ತೀರ' ಹಚ್ಚಿದರೆ ಫೋನ್ ಬರುತ್ತದೆ. ನಾವು ಹಚ್ಚಿದೆವು. ತಿಕೋಟಾ ಹುಡುಗನಿಗೆ ರೂಮು ಕೊಡದ ಮಾಲೀಕರು ನೋಡಿದ ಸುದ್ದಿಗಳಲ್ಲಿ ನಾವು ಕಳಿಸಿದ್ದೂ ಇರಬಹುದು.

ಹಳೆಯ ಪದ, ಹೊಸ ಸರಣಿ

2017ರಲ್ಲಿ ಬಂದ ಕಾರ್ತಿ ಅಭಿನಯದ ತಮಿಳು ಚಿತ್ರ 'ತೀರನ್ ಅಧಿಗಾರಂ ಒಂಡ್ರು' ನಿಮ್ಮಲ್ಲಿ ಅನೇಕರು ಮೊಬೈಲಿನಲ್ಲಿ ನೋಡಿರುತ್ತೀರಿ. ದರೋಡೆಕೋರರ ಬೆನ್ನು ಹತ್ತುವ ಪೊಲೀಸನ ಕತೆ. ಅದರಲ್ಲಿ ಬ್ರಿಟಿಷರ ಅದೇ ಹಳೆಯ 'ಅಪರಾಧಿ ಬುಡಕಟ್ಟು' ಎಂಬ ಮಾತು ಬಂದಿತ್ತು. ವಿಮುಕ್ತ ಸಮುದಾಯದವರು ಆಕ್ಷೇಪಿಸಿದರು, ಚಿತ್ರತಂಡ ಕ್ಷಮೆ ಕೇಳಿತು.

2022ರ 'ದೆಹಲಿ ಕ್ರೈಮ್' ಎರಡನೇ ಸರಣಿಯಲ್ಲಿ ಕೊಲೆಗಳು ನಡೆದ ಕೂಡಲೇ ಪೊಲೀಸರು ವಿಮುಕ್ತ ಜನಾಂಗದ ಓಣಿಗೆ ನುಗ್ಗುತ್ತಾರೆ. ಕೊನೆಗೆ ನೋಡಿದರೆ ಕೊಂದವರು ಬೇರೆಯವರು, ಹಳೆಯ ಗ್ಯಾಂಗಿನ ವೇಷ ಹಾಕಿದವರು. ಸರಣಿ ಆ ಪೂರ್ವಗ್ರಹವನ್ನು ಪ್ರಶ್ನಿಸಲು ಹೊರಟಿತ್ತು, ಒಪ್ಪೋಣ. ಆದರೆ ನೋಡುಗನ ಕಣ್ಣಲ್ಲಿ ಉಳಿಯುವುದು ಕೊನೆಯ ಮಾತೋ, ಮೊದಲ ಸಾಲುಸಾಲು ಬಂಧನದ ದೃಶ್ಯವೋ?

ಪರದೆಯ ಹೊರಗೂ ಇದು ಮುಗಿದಿಲ್ಲ. ಜೈಲುಗಳ ನಿಯಮ ಪುಸ್ತಕಗಳಲ್ಲಿ ಜಾತಿ ನೋಡಿ ಕೆಲಸ ಹಂಚುವ ಮಾತು ಇನ್ನೂ ಇತ್ತು. ವಿಮುಕ್ತ ಸಮುದಾಯದವರನ್ನು ರೂಢಿಯ ಅಪರಾಧಿಗಳಂತೆ ಕಾಣುವ ಮಾತೂ ಇತ್ತು. ಸುಪ್ರೀಂ ಕೋರ್ಟ್ ಅವನ್ನು ಸಂವಿಧಾನಕ್ಕೆ ವಿರುದ್ಧ ಎಂದದ್ದು 2024ರ ಅಕ್ಟೋಬರ್‌ನಲ್ಲಿ. ಕಾಯ್ದೆ ಸತ್ತು 72 ವರ್ಷಗಳ ಮೇಲೆ.

ಅದೇ ದಂಡೆಯ ಇನ್ನೊಂದು ಪುಸ್ತಕ

ಈಗ ಇಂಡಿ, ಚಡಚಣದ ಮಾತಿಗೆ ಬರೋಣ. ಆ ಸೀಮೆಯಲ್ಲೇ ಹಲಸಂಗಿ ಎಂಬ ಊರಿದೆ. ಅಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ ಎಂಬ ಗೆಳೆಯರಿದ್ದರು. ಬೀಸುವ, ಕುಟ್ಟುವ ಹೆಣ್ಣುಮಕ್ಕಳ ಬಾಯಿಂದ ತ್ರಿಪದಿಗಳನ್ನು ಕೇಳಿ ಬರೆದುಕೊಂಡರು. 1931ರಲ್ಲಿ 'ಗರತಿಯ ಹಾಡು' ಪುಸ್ತಕವಾಯಿತು. ಕನ್ನಡದಲ್ಲಿ ಜನಪದ ಹಾಡು ಕೂಡಿಸುವ ಕೆಲಸಕ್ಕೆ ದಾರಿ ತೋರಿದ ಪುಸ್ತಕ ಅದು. ಹಿಂದೂ, ಮುಸ್ಲಿಂ ಗೆಳೆಯರು ಕೂಡಿ, ತಮ್ಮೂರ ಅವ್ವಂದಿರ ಮಾತಿಗೆ ಬೆಲೆ ಕೊಟ್ಟ ಕೆಲಸ.

ಅದೂ ಭೀಮಾ ಸೀಮೆಯದೇ. ಆದರೆ ಬೆಂಗಳೂರಿನ ಮನೆ ಮಾಲೀಕರು "ಓ, ಗರತಿಯ ಹಾಡಿನ ಊರಿನವನಾ?" ಎಂದು ಕೇಳಿದ್ದು ನಾವು ಇದುವರೆಗೆ ಕೇಳಿಲ್ಲ. ಹಾಗೆ ಕೇಳುವಂತೆ ಯಾರೂ ಅವರಿಗೆ ತೋರಿಸಿಲ್ಲ. ನಾವೂ ತೋರಿಸಿಲ್ಲ.

ನಮ್ಮ ಬಳಗದ ನಾಲ್ಕಾರು ಸ್ಟ್ರಿಂಗರ್‌ಗಳು ಕೂತು ಒಂದು ಮಾತು ಮಾಡಿಕೊಂಡಿದ್ದೇವೆ. ಗುನ್ನೆ ನಡೆದರೆ ಊರು, ಠಾಣೆ, ಆರೋಪಿ, ಕಾರಣ ಬರೆಯುತ್ತೇವೆ. ಗುನ್ನೆಗೂ ಜಾತಿಗೂ ಸಂಬಂಧವಿಲ್ಲದಿದ್ದರೆ ಜಾತಿ ಬರೆಯುವುದಿಲ್ಲ. 'ಭೀಮಾ ತೀರ' ಎಂಬ ಪದವನ್ನು ಪ್ರವಾಹ, ಬಾಂದಾರ, ಕಬ್ಬು, ಮೀನಿನ ಸುದ್ದಿಗೆ ಮಾತ್ರ ಬಳಸುತ್ತೇವೆ. ಡೆಸ್ಕಿನವರು ಅಲ್ಲಿ ಕೂತು ಮತ್ತೆ ಸೇರಿಸಿದರೆ ತಡೆಯುವ ಶಕ್ತಿ ನಮಗಿಲ್ಲ. ಹೋದ ತಿಂಗಳು ಒಮ್ಮೆ ಹಾಗೇ ಆಯಿತು. ಫೋನ್ ಮಾಡಿ ಹೇಳಿದೆವು, ನಕ್ಕು ಇಟ್ಟರು. ಮುಂದಿನ ಸಲವೂ ಫೋನ್ ಮಾಡುತ್ತೇವೆ.

ತಿಕೋಟಾದ ತಮ್ಮನಿಗೆ: ನಿಮ್ಮೂರಾಗ ಭೀಮಾ ಹೊಳಿ ಇಲ್ಲಪ್ಪ. ಇದ್ದಿದ್ದರೂ ಅದು ಗುನ್ನೆ ಆಗ್ತಿರಲಿಲ್ಲ. ಆ ಮಾತನ್ನ ನಾವು ಅವತ್ತ ಚಹಾದಂಗಡಿಯಾಗ ಹೇಳಬೇಕಿತ್ತು.