ಚಿತ್ರದುರ್ಗದ ಸೀಮೆಯಲ್ಲಿ ಮಕ್ಕಳ ಆಟದ ಆಯುಧ: ಒಂದು ಚಾರಿತ್ರಿಕ ವಿವೇಚನೆ

ಎಳೆಯ ಮಕ್ಕಳ ಕೈಗೆ ಮರದ ಕತ್ತಿಯನ್ನೋ ತಗಡಿನ ಪಿಸ್ತೂಲನ್ನೋ ಕೊಡಬಹುದೇ, ಕೊಡಬಾರದೇ ಎಂಬ ಪ್ರಶ್ನೆಯನ್ನು ಮನಶ್ಶಾಸ್ತ್ರಜ್ಞರಿಗೆ ಬಿಟ್ಟುಕೊಡುವುದು ವಾಡಿಕೆ. ಚರಿತ್ರಕಾರನಿಗೆ ಇದರಲ್ಲಿ ಕೆಲಸವಿಲ್ಲವೆಂದು ತೋರಬಹುದು. ಆದರೆ ಈ ಪ್ರಶ್ನೆ ಎಲ್ಲ ಕಾಲದಲ್ಲಿಯೂ ಹುಟ್ಟಿದುದಲ್ಲ. ಮನೆಯ ಗೋಡೆಯ ಮೇಲೆ ನಿಜವಾದ ಕತ್ತಿ ತೂಗುತ್ತಿದ್ದ ಕಾಲದಲ್ಲಿ ಮರದ ಕತ್ತಿಯನ್ನು ಕುರಿತು ತಂದೆತಾಯಿಗಳು ಚಿಂತಿಸಿರಲಾರರು. ಈ ಚಿಂತೆ ಯಾವಾಗ, ಏಕೆ ಹುಟ್ಟಿತು ಎಂಬುದನ್ನು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಸೀಮೆಯನ್ನು ಮುಂದಿಟ್ಟುಕೊಂಡು ವಿಚಾರಿಸುವುದೇ ಈ ಲೇಖನದ ಉದ್ದೇಶ.

1568ರ ಸುಮಾರಿನಿಂದ 1779ರವರೆಗೆ ಈ ಸೀಮೆ ಬೇಡ ಕುಲದ ನಾಯಕರ ಆಳ್ವಿಕೆಗೆ ಒಳಪಟ್ಟಿದ್ದಿತು. ಪಾಳೆಯಗಾರರ ಸೈನ್ಯವೆಂದರೆ ಇಂದಿನ ಅರ್ಥದ ಪ್ರತ್ಯೇಕ ಸೈನ್ಯವಲ್ಲ. ಉತ್ತು ಬಿತ್ತುವವನೇ ಕರೆ ಬಂದಾಗ ಆಯುಧ ಹಿಡಿದು ಹೊರಡುತ್ತಿದ್ದನು. ಆದುದರಿಂದ ಆಯುಧಕ್ಕೂ ಮನೆಯ ಉಪಕರಣಕ್ಕೂ ನಡುವೆ ಗೆರೆ ಎಳೆಯುವುದು ಕಷ್ಟ. ಇದಕ್ಕೆ ಕವಣೆಗಿಂತ ಒಳ್ಳೆಯ ನಿದರ್ಶನವಿಲ್ಲ. ಜೋಳ, ನವಣೆ, ಸಜ್ಜೆಗಳು ತೆನೆಗಟ್ಟುವ ಕಾಲದಲ್ಲಿ ಹೊಲದ ನಡುವಣ ಅಟ್ಟಣೆಯ ಮೇಲೆ ನಿಂತು ಹಕ್ಕಿ ಹೊಡೆಯುವುದು ಹುಡುಗರ ಕೆಲಸ. ಆ ಕೆಲಸದ ಸಾಧನ ಕವಣೆ. ಕೋಟೆಯ ಗೋಡೆಯ ಮೇಲಿನಿಂದ ಶತ್ರುವಿನತ್ತ ಕಲ್ಲು ಬೀಸಿದುದೂ ಕವಣೆಯೇ. ಮಗನ ಕೈಗೆ ಅದನ್ನು ಕೊಟ್ಟ ತಂದೆ ಆಟಿಕೆ ಕೊಟ್ಟನೋ, ಕಸುಬು ಕೊಟ್ಟನೋ, ಆಯುಧ ಕೊಟ್ಟನೋ? ಅವನನ್ನು ಕೇಳಿದ್ದರೆ ಪ್ರಶ್ನೆಯೇ ಅವನಿಗೆ ಅರ್ಥವಾಗುತ್ತಿರಲಿಲ್ಲ.

1779ರಲ್ಲಿ ದುರ್ಗ ಹೈದರಾಲಿಯ ವಶವಾಯಿತು. ಕೊನೆಯ ಮದಕರಿನಾಯಕನು ಸೆರೆಯಾಳಾಗಿ ಶ್ರೀರಂಗಪಟ್ಟಣಕ್ಕೆ ಹೋದ ಸಂಗತಿಯನ್ನು ನಮ್ಮ ಪಠ್ಯಪುಸ್ತಕಗಳು ಹೇಳುತ್ತವೆ. ಅದರೊಡನೆ ನಡೆದ ಇನ್ನೊಂದು ಸಂಗತಿಗೆ ದೊರೆಯಬೇಕಾದಷ್ಟು ಗಮನ ದೊರೆತಿಲ್ಲ. ಬೇಡರ ಬಲವನ್ನು ಮುರಿಯುವ ಉದ್ದೇಶದಿಂದ ಹೈದರನು ಸುಮಾರು 20,000 ಜನರನ್ನು ಇಲ್ಲಿಂದ ಎಬ್ಬಿಸಿ ಶ್ರೀರಂಗಪಟ್ಟಣದ ದ್ವೀಪಕ್ಕೆ ಸಾಗಿಸಿದನು. ಅವರಲ್ಲಿ ತಕ್ಕ ವಯಸ್ಸಿನ ಹುಡುಗರನ್ನು ಆರಿಸಿ, ಮತಾಂತರಗೊಳಿಸಿ, ‘ಚೇಲ’ ಎಂಬ ಹೆಸರಿನ ದಂಡುಗಳನ್ನು ಕಟ್ಟಿದನು. ವಿಲ್ಕ್ಸನ ಇತಿಹಾಸವೂ ರೈಸರ ಗ್ಯಾಸೆಟಿಯರೂ ಇದನ್ನು ದಾಖಲಿಸಿವೆ. ಮುಂದಿನ ಯುದ್ಧಗಳಲ್ಲಿ ಈ ದಂಡುಗಳು ಅವನಿಗೆ ಬಹಳ ಉಪಯೋಗಕ್ಕೆ ಬಂದವೆಂದೂ ತಿಳಿದುಬರುತ್ತದೆ. ನಿನ್ನೆಯವರೆಗೆ ಕವಣೆ ಬೀಸುತ್ತಿದ್ದ ಹುಡುಗ ಇಂದು ಬಂದೂಕು ಹೊತ್ತನು. ಕೊಟ್ಟವನು ತಂದೆಯಲ್ಲ, ತಂದೆಯ ಶತ್ರು. ಮಗುವಿನ ಕೈಯ ಆಯುಧವನ್ನು ಕುರಿತ ಯಾವ ಚರ್ಚೆಯಲ್ಲಿಯೂ ಈ ಹುಡುಗರನ್ನು ಮರೆಯುವುದು ಸಾಧುವಲ್ಲವೆಂದು ನನ್ನ ಅಭಿಪ್ರಾಯ. ಅವರ ಹೆಸರುಗಳಾಗಲಿ, ಅವರ ತಾಯಂದಿರ ಮಾತಾಗಲಿ ಈ ಇತಿಹಾಸಗ್ರಂಥಗಳಲ್ಲಿ ಇಲ್ಲ. ವಿಜೇತರ ಲೆಕ್ಕದಲ್ಲಿ ಅವರು ಕೇವಲ ಒಂದು ಸಂಖ್ಯೆ.

1799ರ ಅನಂತರ ಪೂರ್ಣಯ್ಯನವರ ಆಡಳಿತದಲ್ಲಿ ಹಳೆಯ ಶಸ್ತ್ರಧಾರಿಗಳಲ್ಲಿ ಅನೇಕರು ಕಂದಾಚಾರದ ಸಿಬ್ಬಂದಿಯಲ್ಲಿ ಸೇರಿಹೋದರು. ಆಯುಧ ಕ್ರಮೇಣ ಮನೆಯಿಂದ ಸರ್ಕಾರದ ಕೈಗೆ ಸರಿಯಿತು. ಎಲ್ಲೆಡೆಯೂ ಇದು ಶಾಂತವಾಗಿ ನಡೆಯಲಿಲ್ಲವೆಂಬುದಕ್ಕೆ 1857ರಲ್ಲಿ ಮುಧೋಳ ಸೀಮೆಯ ಹಲಗಲಿಯ ಬೇಡರು ನಿಶ್ಶಸ್ತ್ರೀಕರಣದ ಆಜ್ಞೆಯನ್ನು ಎದುರಿಸಿ ಪ್ರಾಣತೆತ್ತುದೇ ಸಾಕ್ಷಿ. ಸ್ವತಂತ್ರ ಭಾರತದ 1959ರ ಶಸ್ತ್ರ ಕಾನೂನು ಸಹ ಪರವಾನಗಿಯ ತತ್ತ್ವವನ್ನೇ ಉಳಿಸಿಕೊಂಡಿತು. ಮನೆಯಲ್ಲಿ ನಿಜವಾದ ಆಯುಧ ಇಲ್ಲವಾದ ಮೇಲೆಯೇ ಆಟದ ಆಯುಧವೆಂಬುದು ಬೇರೊಂದು ವಸ್ತುವಾಗಿ ಕಣ್ಣಿಗೆ ಬಿದ್ದಿತು ಎನ್ನಬಹುದು.

ಇದಕ್ಕೆ ಕೊಡಗನ್ನು ಹೋಲಿಸಿ ನೋಡುವುದು ಉಪಯುಕ್ತ. ಅಲ್ಲಿ ಗಂಡು ಮಗು ಹುಟ್ಟಿದೊಡನೆ ಗುಂಡು ಹಾರಿಸಿ, ಹರಳುಗಿಡದ ಕಡ್ಡಿಯಿಂದ ಪುಟ್ಟ ಬಿಲ್ಲನ್ನೂ ಅದರ ಎಲೆಯ ತೊಟ್ಟಿನಿಂದ ಬಾಣವನ್ನೂ ಮಾಡಿ ಕೂಸಿನ ಕೈಗೆ ಮುಟ್ಟಿಸುವ ಪದ್ಧತಿಯನ್ನು ಹತ್ತೊಂಬತ್ತನೆಯ ಶತಮಾನದ ಲೇಖಕರು ವರ್ಣಿಸಿದ್ದಾರೆ. ಕೊಡವರಿಗೆ ಬಂದೂಕಿನ ಪರವಾನಗಿಯಿಂದ ದೊರೆತ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2019ರಲ್ಲಿ ಮತ್ತೆ ಹತ್ತು ವರ್ಷಗಳಿಗೆ ಮುಂದುವರಿಸಿತು. ಮನೆಯಲ್ಲಿ ಕೋವಿ ಉಳಿದ ಕಡೆ ಮಗುವಿನ ಬಿಲ್ಲು ಸಂಸ್ಕಾರದ ಅಂಗವಾಗಿ ನಿಂತಿತು. ಕೋವಿ ಹೋದ ಕಡೆ ಅದು ಅಂಗಡಿಯ ಸರಕಾಯಿತು. ಹರಳು ಕಡ್ಡಿಯ ಬಿಲ್ಲಿನಿಂದ ಇರುವೆಯೂ ಸಾಯದು ಎಂಬುದನ್ನೂ ಇಲ್ಲಿ ನೆನೆಯಬಹುದು.

ಈಗ ನಮ್ಮ ಸೀಮೆಯ ಜಾತ್ರೆಗಳಿಗೆ ಬರೋಣ. ಹಿರಿಯೂರಿನ ತೇರುಮಲ್ಲೇಶ್ವರನ ತೇರಿನಲ್ಲಿಯೇ ಆಗಲಿ, ನಾಯಕನಹಟ್ಟಿಯ ಜಾತ್ರೆಯಲ್ಲಿಯೇ ಆಗಲಿ, ಮಗುವನ್ನು ಹೆಗಲ ಮೇಲೆ ಹೊತ್ತ ತಂದೆ ಆಟಿಕೆಯ ಅಂಗಡಿಯ ಮುಂದೆ ನಿಲ್ಲಲೇಬೇಕು. ಪ್ಲಾಸ್ಟಿಕ್ಕಿನ ಕತ್ತಿ, ಗದೆ, ಗುಂಡು ಉಗುಳುವ ಬಂದೂಕು ಎಲ್ಲವೂ ಅಲ್ಲಿವೆ. ಸರ್ಕಾರ ಇದರಲ್ಲಿ ಸ್ವಲ್ಪ ಭಾಗವನ್ನು ಮಾತ್ರ ವಹಿಸಿಕೊಂಡಿದೆ: 2021ರ ಜನವರಿಯಿಂದ ಜಾರಿಗೆ ಬಂದ ಆಟಿಕೆಗಳ ಗುಣಮಟ್ಟದ ಆಜ್ಞೆಯು ಅಂಚಿನ ಹರಿತ, ಹಾರುವ ಗುಂಡಿನ ವೇಗ ಮೊದಲಾದುವನ್ನು ಪರೀಕ್ಷೆಗೆ ಒಳಪಡಿಸುತ್ತದೆ, ಕಣ್ಣಿಗೆ ಪೆಟ್ಟಾಗದಿರಲೆಂಬುದು ಅದರ ಕಾಳಜಿ, ಮನಸ್ಸಿನ ಮಾತು ಅದಕ್ಕೆ ಸೇರಿದುದಲ್ಲ. ಸ್ವೀಡನ್ ದೇಶದಲ್ಲಿ 1979ರಲ್ಲಿ ವ್ಯಾಪಾರಿಗಳು ಆಧುನಿಕ ಯುದ್ಧದ ಆಟಿಕೆಗಳನ್ನು ಮಾರದಿರಲು ತಾವೇ ಒಪ್ಪಿಕೊಂಡರು. ನಮ್ಮಲ್ಲಿ ಆ ಭಾರವೆಲ್ಲ ಹೆಗಲ ಮೇಲೆ ಮಗುವನ್ನು ಹೊತ್ತವನದೇ. ಮರದ ಕತ್ತಿಯೊಂದರಿಂದಲೇ ಮಗು ಕ್ರೂರಿಯಾಗುವುದೆಂದು ಯಾರೂ ಸಾಧಿಸಿ ತೋರಿಸಿಲ್ಲ. ಕತ್ತಿಯ ಜೊತೆಗೆ ಕೊಡುವ ಕಥೆ ಮಾತ್ರ ನಿರಪಾಯಕಾರಿಯಲ್ಲ. ದುರ್ಗದ ಮುತ್ತಿಗೆಯನ್ನು ಎರಡು ಮತಗಳ ಯುದ್ಧವೆಂದು ಮಗುವಿಗೆ ಹೇಳಿ ಕತ್ತಿ ಕೊಡುವವರು ಉಂಟು. ನಾಯಕರ ದಂಡಿನಲ್ಲಿ ಮುಸಲ್ಮಾನರೂ ಹೈದರನ ದಂಡಿನಲ್ಲಿ ಹಿಂದೂಗಳೂ ಇದ್ದರೆಂಬ ಸರಳ ಸತ್ಯವನ್ನು ಅವರು ಬಿಟ್ಟುಬಿಡುತ್ತಾರೆ.

ಓಬವ್ವನ ಐತಿಹ್ಯದ ವಿಷಯ ಇನ್ನೂ ಕುತೂಹಲಕರವಾದುದು. ಕಾವಲುಗಾರನ ಹೆಂಡತಿ, ಗಂಡ ಊಟಕ್ಕೆ ಕುಳಿತ ಹೊತ್ತಿನಲ್ಲಿ ಕಿಂಡಿಯಿಂದ ನುಸುಳಿದ ಸೈನಿಕರನ್ನು ಒನಕೆಯಿಂದ ಬಡಿದಳೆಂಬ ಈ ಕಥೆ 1972ರ ‘ನಾಗರಹಾವು’ ಚಲನಚಿತ್ರದ ಮೂಲಕ ನಾಡಿನ ಮೂಲೆಮೂಲೆಗೂ ಮುಟ್ಟಿತು. ಅಂದಿನಿಂದ ಶಾಲೆಯ ವೇಷಸ್ಪರ್ಧೆಗಳಲ್ಲಿ ಸೀರೆ ಬಿಗಿದು ಒನಕೆ ಎತ್ತಿದ ಪುಟ್ಟ ಓಬವ್ವೆಯರಿಗೆ ಕೊರತೆಯಿಲ್ಲ. ಮಗನಿಗೆ ಪಿಸ್ತೂಲು ಬೇಡವೆಂದು ಅಂಗಡಿಯ ಮುಂದೆ ಕಠಿಣರಾಗುವ ತಂದೆತಾಯಿಗಳೇ ಮಗಳಿಗೆ ರಟ್ಟಿನ ಒನಕೆಯನ್ನು ರಾತ್ರಿಯೆಲ್ಲ ಕುಳಿತು ಅಂಟಿಸಿಕೊಡುತ್ತಾರೆ. ಅದು ಅವರ ಎಣಿಕೆಯಲ್ಲಿ ಆಯುಧವಲ್ಲ, ಮನೆಯ ಸಾಮಾನು. ಆದರೆ ಗಿರಣಿಗಳು ಬಂದ ಮೇಲೆ ಒನಕೆ ಅಡುಗೆಮನೆಯಿಂದ ಹೊರಟುಹೋಗಿದೆ. ವೇಷ ಹಾಕುವ ಮೊದಲು ಒನಕೆಯಿಂದ ಏನನ್ನು ಕುಟ್ಟುತ್ತಿದ್ದರೆಂಬುದನ್ನು ಮಗುವಿಗೆ ಹೇಳಬೇಕಾಗುತ್ತದೆ. ತೋರಿಸೋಣವೆಂದರೆ ಮನೆಯಲ್ಲಿ ಒರಳಿಲ್ಲ.